ಕಡಲು ಎಡಕ್ಕೇ ಬರಬೇಕು

ನಮ್ಮ ಮನೆಯಲ್ಲಿ ಬೈಕ್ ಓಡಿಸುವವರು ಇವರು, ದಾರಿ ಹಾಕುವವಳು ನಾನು. ಮದುವೆಯಾದ ವರ್ಷದಿಂದಲೂ ಹೀಗೇ. ಇವರು ಅಂದರೆ ನನ್ನ ಗಂಡ ಬಸವೇಶ. ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್, ಪೈಪಿನ ಅಂಗಡಿ. ಯಾವ ಬೋರ್‌ವೆಲ್ಲಿಗೆ ಎಷ್ಟು ದೊಡ್ಡ ಮೋಟಾರ್ ಬೇಕು ಅಂತ ತೆಂಗಿನ ತೋಟದವರು ಕೇಳಿದರೆ ಕಣ್ಣುಮುಚ್ಚಿ ಹೇಳುತ್ತಾರೆ, ದಾರಿಯ ವಿಷಯಕ್ಕೆ ಬಂದರೆ ಮಾತ್ರ ಸೊನ್ನೆ. ಬಿಟ್ಟರೆ ಹೈವೇಯಲ್ಲಿ ಹೋಗಿ ಹೈವೇಯಲ್ಲೇ ವಾಪಸ್ ಬಂದುಬಿಡುವ ಆಸಾಮಿ. ಲಾರಿಗಳ ಹೊಗೆ ಕುಡಿಯುವುದಕ್ಕೆ ಬೈಕ್ ಯಾಕೆ ಬೇಕು? ಅದಕ್ಕೇ ದಾರಿ ನನ್ನ ಕೈಯಲ್ಲಿ. ಕೆರೆ ಏರಿ ಸಿಗಬೇಕು, ಸಾಲುಮರ ಸಿಗಬೇಕು, ಬೆಳಿಗ್ಗೆ ಹೊರಟರೆ ಬಿಸಿಲು ಬೆನ್ನಿಗಿರಬೇಕು. ಅದಕ್ಕಾಗಿ ಒಂದಿಷ್ಟು ಸುತ್ತಾದರೆ ಆಗಲಿ.

ಬುಲೆಟ್ಟಿನ ಸದ್ದು, ತಲೆಯ ಮೇಲೆ ಹೆಲ್ಮೆಟ್, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಒಂದು ಅಭ್ಯಾಸ ತಾನಾಗಿ ಬೆಳೆದಿತ್ತು. ನೋಡುವಂಥದ್ದು ಏನಾದರೂ ಕಂಡರೆ ಇವರು ಎಡಗೈ ಹಿಂದಕ್ಕೆ ತಂದು ನನ್ನ ಎಡ ಮಂಡಿಯನ್ನು ಎರಡು ಸಲ ತಟ್ಟಿ ಆ ಕಡೆಗೆ ಬೆರಳು ತೋರಿಸುತ್ತಾರೆ. ನೋಡಿದೆ ಅಂತ ನಾನು ಇವರ ಹೆಗಲನ್ನು ಎರಡು ಸಲ ತಟ್ಟುತ್ತೇನೆ. ಮನೆಯಲ್ಲಿ ಬಾಯಿ ಬಿಡದ ಮನುಷ್ಯ ಬೈಕ್ ಹತ್ತಿದರೆ ಮಹಾ ವಾಚಾಳಿ. ನವಿಲು ಕಂಡರೂ ತಟ್ಟುವುದು, ಹೊಸ ಟ್ರ್ಯಾಕ್ಟರ್ ಕಂಡರೂ ತಟ್ಟುವುದು, ಯಾರದೋ ಹೊಲದ ಬೆದರುಬೊಂಬೆಗೂ ನನ್ನ ಮಂಡಿಗೇ ಏಟು.

ನನಗೆ ಒಂದೇ ಒಂದು ಆಸೆ ಉಳಿದಿತ್ತು. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ನಡುವೆ ಬುಲೆಟ್ಟಿನಲ್ಲಿ ಹೋಗಬೇಕು. ಪ್ರತಿ ವರ್ಷ ದಾರಿ ಹಾಕುತ್ತಿದ್ದೆ, ಪ್ರತಿ ವರ್ಷ ಏನೋ ಒಂದು ಅಡ್ಡ ಬರುತ್ತಿತ್ತು. ಅಂಗಡಿ, ಅತ್ತೆಯ ಕಣ್ಣಿನ ಆಪರೇಷನ್, ಆಮೇಲೆ ಕೊರೋನಾ. ಮುಂದಿನ ವರ್ಷ ಹೋದರಾಯಿತು ಅನ್ನುತ್ತಿದ್ದೆವು.

ಆಮೇಲೆ ನನ್ನ ಬೆನ್ನು ಕೈಕೊಟ್ಟಿತು. ಮುಲಾಮು, ನಾಟಿ ಔಷಧಿ, ಬೆಲ್ಟು, ಒಂದನ್ನೂ ಬಿಡಲಿಲ್ಲ. ಕೊನೆಗೆ ಹಾಸನದ ಡಾಕ್ಟರಮ್ಮ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಬೆನ್ನುಮೂಳೆಗೆ ರಾಡ್ ಹಾಕಲೇಬೇಕು ಅಂದರು. ಶ್ರಾವಣದ ಒಂದು ಗುರುವಾರ ಆಪರೇಷನ್ ಅಂತ ನಿಗದಿಯಾಯಿತು.

"ಆಮೇಲೆ ಬೈಕು?" ಅಂತ ಕೇಳಿದೆ.

"ಆಮೇಲೆ ಬೈಕ್ ಮರೆತುಬಿಡಿ ನೇತ್ರಾ."

"ಅದಕ್ಕೆ ಮುಂಚೆ ಒಂದೇ ಒಂದು ಸಲ?"

ಅವರು ನನ್ನ ಮುಖ ನೋಡಿದರು, ಇವರ ಮುಖ ನೋಡಿದರು. "ನಾನು ಹೂಂ ಅಂತ ಹೇಳಲ್ಲ. ಕೇಳೋರ ಥರ ನೀವೂ ಕಾಣಲ್ಲ. ಬೆಲ್ಟ್ ಬಿಚ್ಚಬೇಡಿ, ಆಗಾಗ ಇಳಿದು ಓಡಾಡಿ. ಕಾಲು ಮುಟ್ಟಿದ್ದು ಗೊತ್ತಾಗಲ್ಲ ಅಂತ ಯಾವಾಗ ಅನ್ನಿಸುತ್ತೋ ಆವಾಗಲೇ ಇಲ್ಲಿಗೆ ಬಂದು ಮಲಗಬೇಕು. ತಡ ಮಾಡಿದರೆ ಕಾಲು ಉಳಿಯುತ್ತೆ ಅಂತ ನಾನು ಹೇಳೋಕಾಗಲ್ಲ" ಅಂದರು.

ಭಾನುವಾರ ಹೊರಟು ಮಂಗಳವಾರ ಬರುವುದು, ಬುಧವಾರ ಆಸ್ಪತ್ರೆಗೆ ಸೇರುವುದು ಅಂತ ಮಾಡಿದೆವು. ದಾರಿ ಹಾಕುವುದಕ್ಕೆ ಕೂತೆ. ಮೊದಲು ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಹಾಕಿದ್ದೆ. ಗುಡ್ಡ ಜಾರಿ ರಸ್ತೆಗೆ ಬಿತ್ತು ಅಂತ ಟಿವಿಯಲ್ಲಿ ಬಂತು. ಚಾರ್ಮಾಡಿಗೆ ಬದಲಾಯಿಸಿದೆ. ಮರುದಿನ ಅದೂ ಬಂದ್. ಬಿಸಿಲೆ ಘಾಟಿ ನೋಡಿದೆ, ಅಲ್ಲಿ ಮರಗಳು ಅಡ್ಡ ಮಲಗಿದ್ದವು. ನಾನು ಹಾಕಿದ ದಾರಿಯನ್ನು ಯಾರೋ ಕದ್ದು ನೋಡಿಕೊಂಡು ಬೇಕಂತಲೇ ಮುಚ್ಚುತ್ತಿದ್ದಾರೇನೋ ಅನ್ನಿಸುತ್ತಿತ್ತು. ಟಿವಿಗೆ ಬೈದೆ, ಮಳೆಗೆ ಬೈದೆ, ಎದುರಿಗೆ ಸಿಕ್ಕ ತಪ್ಪಿಗೆ ಇವರಿಗೂ ಬೈದೆ. ಮಳೆಯ ಮೇಲೆ ಎಷ್ಟು ಅಂತ ಸಿಟ್ಟು ಮಾಡಿಕೊಳ್ಳುವುದು? ಕೊನೆಗೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

"ಕಾರ್ನಾಗೆ ಓಗ್ಬುಟ್ಟು ಬರ್ರವ್ವ, ಯಾವ್ ಕಡೆಯಿಂದಾದ್ರೂ ಸುತ್ತಾಕ್ಕಂಡು" ಅಂದರು ನನ್ನ ಅತ್ತೆ ಬಸವಲಿಂಗಮ್ಮ.

"ಕಾರಿನ ಕಿಟಕೀಲಿ ನೋಡೋದಾದ್ರೆ ಟಿವೀಲೇ ನೋಡ್ತೀನಿ ಬುಡಿ ಅತ್ತೆ" ಅಂದೆ.

ಉಳಿದಿದ್ದು ಸಂಪಾಜೆ ಘಾಟಿ ಒಂದೇ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅರಕಲಗೂಡು, ಕೊಡ್ಲಿಪೇಟೆ, ಸೋಮವಾರಪೇಟೆ, ಮಡಿಕೇರಿ. ಅಲ್ಲಿಂದ ಇಳಿದು ಕಡಲ ತೀರ ಹಿಡಿದು ಉತ್ತರಕ್ಕೆ ಮರವಂತೆ. ಸುತ್ತೋ ಸುತ್ತು. ಆದರೆ ಹೀಗೆ ಹೋದರೆ ಕಡಲು ಎಡಕ್ಕೆ ಬರುತ್ತದೆ. ಇವರ ಬಲಗೈ ಆಕ್ಸಿಲರೇಟರ್ ಮೇಲೆ ಇರುತ್ತದಲ್ಲ, ತಟ್ಟುವುದಕ್ಕೆ ಇರುವುದು ಎಡಗೈ ಒಂದೇ. ನನ್ನ ಲೆಕ್ಕಾಚಾರವನ್ನು ಇವರಿಗೆ ವಿವರಿಸಿದಾಗ, "ಕಡ್ಲು ಅಷ್ಟು ದೊಡ್ದಿರ್ತದೆ, ತಟ್ದೆ ಇದ್ರೆ ನಿಂಗೆ ಕಾಣಾಕಿಲ್ವಾ?" ಅಂದರು. ನೋಡಿ, ಇಂಥ ಗಂಡ.

ಭಾನುವಾರ ಬೆಳಿಗ್ಗೆ ಅತ್ತೆ ಮೂರು ದಿನಕ್ಕಾಗುವಷ್ಟು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟು ಇಬ್ಬರ ಹಣೆಗೂ ವಿಭೂತಿ ಹಚ್ಚಿದರು. ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ನಿಂತು, "ದೂರ ಒಂಟಂಗದೆ?" ಅಂದರು. "ಹೂಂ, ದೂರ" ಅಂದೆವು. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಅವತ್ತು ಯಾರೂ ಕೇಳದಿರಲಿ ಅಂತಲೇ ಬೇಡಿಕೊಳ್ಳುತ್ತಿದ್ದೆ.

ಮಳೆ ನಿಂತಿತ್ತು. ಹೊಳೆನರಸೀಪುರದ ಸೇತುವೆ ಮೇಲೆ ಇವರು ಬೈಕನ್ನು ನಿಧಾನ ಮಾಡಿ ನನ್ನ ಮಂಡಿ ತಟ್ಟಿದರು. ಕೆಳಗೆ ಹೇಮಾವತಿ ಕೆಂಪಗೆ, ದಂಡೆಗೆ ದಂಡೆ ತುಂಬಿ ಹರಿಯುತ್ತಿದ್ದಳು. ನಾನು ಹೆಗಲು ತಟ್ಟಿದೆ. ಬೆನ್ನು ನೋಯುತ್ತಿತ್ತು, ಆದರೆ ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂದಿತ್ತು.

ಪೇಟೆಯಲ್ಲಿ ಟೀ ಕುಡಿಯುವುದಕ್ಕೆ ನಿಲ್ಲಿಸಿದಾಗ ಬೋರಪ್ಪ ಸಿಕ್ಕಿದ. ಅರಕಲಗೂಡು ಕಡೆಯವನು, ಲಗೇಜ್ ಆಟೋ ಓಡಿಸುತ್ತಾನೆ. ಶುಂಠಿ ಹೇರದ ದಿನಗಳಲ್ಲಿ ನಮ್ಮ ಅಂಗಡಿಯ ಪೈಪ್ ಸಾಗಿಸುತ್ತಾನೆ. ಬೈಕಿಗೆ ಬಿಗಿದಿದ್ದ ಬ್ಯಾಗುಗಳನ್ನು ನೋಡಿ ಕಣ್ಣರಳಿಸಿದ.

"ಏನಣ್ಣ, ದೂರಾನಾ?"

"ಹೂಂ ಕಣಪ್ಪ, ದೂರ" ಅಂದರು ಇವರು.

ಬೋರಪ್ಪ ಇನ್ನೇನೋ ಕೇಳುವವನಂತೆ ಬಾಯಿ ತೆರೆದು, ನನ್ನ ಮುಖ ನೋಡಿ, ಟೀ ಗುಟುಕರಿಸಿದ. "ಒಳ್ಳೇದಾಗ್ಲಿ. ನಿದಾನ್ವಾಗಿ ಓಗ್ಬನ್ನಿ" ಅಂದ. ಎಷ್ಟು ತಿಳಿದ ಮನುಷ್ಯ ಅಂತ ಮೆಚ್ಚಿಕೊಂಡೆ. ಅವನ ಟೀ ದುಡ್ಡನ್ನೂ ಇವರ ಕೈಲೇ ಕೊಡಿಸಿದೆ.

ಅರಕಲಗೂಡಿನಲ್ಲಿ ಇನ್ನೊಮ್ಮೆ ಇಳಿದು ಅಡ್ಡಾಡಿದೆ. ಎಡ ಪಾದ ಯಾರದೋ ಪಾದದ ಥರ ಇತ್ತು, ಚಪ್ಪಲಿ ಬಿಟ್ಟು ಉಜ್ಜಿಕೊಂಡೆ. "ಆಗ್ತದಾ?" ಅಂತ ಇವರು ಕೇಳಿದರು. "ಆಗ್ದೆ ಏನು, ನಡೀರಿ" ಅಂದೆ. ಅಲ್ಲಿಂದ ಬಲಕ್ಕೆ ಹೋದರೆ ಹಾಸನ, ಆಸ್ಪತ್ರೆ. ನೇರ ಹೋದರೆ ಕೊಡ್ಲಿಪೇಟೆ. ನೇರ ಹೋದೆವು.

ಊರು ದಾಟಿದ ಮೇಲೆ ಎರಡೂ ಕಡೆ ಜೋಳ, ತಂಬಾಕು, ಶುಂಠಿ. ಒದ್ದೆ ಮಣ್ಣಿನ ವಾಸನೆ. ನಾನು ಇವರ ಬೆನ್ನಿಗೆ ಆತುಕೊಂಡು ಕೂತಿದ್ದೆ. ಆಗ ಯಾಕೋ ಕೆಳಗೆ ನೋಡಿದೆ. ಇವರ ಕೈ ನನ್ನ ಮಂಡಿಯ ಮೇಲಿತ್ತು. ಎರಡು ಸಲ ಎದ್ದು ಎರಡು ಸಲ ಬಿತ್ತು.

ನನಗೆ ಏನೂ ಗೊತ್ತಾಗಲಿಲ್ಲ.

ಕೈ ಬಿದ್ದಿದ್ದು ಕಣ್ಣಿಗೆ ಕಾಣುತ್ತಿದೆ, ಕಾಲಿಗೆ ತಿಳಿಯುತ್ತಿಲ್ಲ. ಡಾಕ್ಟರಮ್ಮ ಹೇಳಿದ ಮಾತು ನೆನಪಾಗಲಿಲ್ಲ ಅಂತಲ್ಲ, ನೆನಪಾಯಿತು. ಹೇಳಿದರೆ ಇವರು ಆ ಕ್ಷಣವೇ ಬೈಕ್ ತಿರುಗಿಸುತ್ತಾರೆ. ತಿರುಗಿಸಿದರೆ ಮುಗಿಯಿತು, ಇನ್ನು ಈ ಜನ್ಮಕ್ಕೆ ಇಲ್ಲ. ಮಡಿಕೇರಿ ತನಕ ಹೋಗೋಣ, ಅಷ್ಟರಲ್ಲಿ ಸರಿಹೋಗಬಹುದು ಅಂದುಕೊಂಡೆ. ಸರಿಹೋಗುವುದಿಲ್ಲ ಅಂತಲೂ ಗೊತ್ತಿತ್ತು. ಇವರ ಬೆರಳು ಆ ಕಡೆ ಏನನ್ನೋ ತೋರಿಸುತ್ತಲೇ ಇತ್ತು. ನಾನು ನೋಡಲೇ ಇಲ್ಲ. ಆದರೂ ಹೆಗಲನ್ನು ಎರಡು ಸಲ ತಟ್ಟಿದೆ.

ಸ್ವಲ್ಪ ದೂರಕ್ಕೆ ಬ್ಯಾರಿಕೇಡ್ ಬಂತು. ಅದರಾಚೆ ರಸ್ತೆಯ ಅರ್ಧಕ್ಕರ್ಧ ಇರಲಿಲ್ಲ, ಕೆಳಗೆ ಕೆಂಪು ನೀರು ಬುಸುಗುಡುತ್ತಿತ್ತು. ರೈನ್‌ಕೋಟ್ ಹಾಕಿಕೊಂಡಿದ್ದ ಪೊಲೀಸ್ ಕೈ ಅಡ್ಡ ಹಿಡಿದ.

"ಇಲ್ಲ ಸಾ, ಬೆಳ್ಗಿನ್ ಜಾವ ಮೋರಿ ಕುಸ್ದದೆ. ನಡ್ಕಂಡೂ ಓಗಂಗಿಲ್ಲ."

"ಒಳದಾರಿ ಇರ್ಬೇಕಲ್ಲ?" ನಾನು ಬೈಕ್ ಮೇಲಿಂದಲೇ ಕೂಗಿದೆ. ಫೋನ್ ತೆಗೆದು ನಕ್ಷೆ ತೋರಿಸಿದೆ. "ನೋಡಿ, ಇಲ್ಲಿ ಎಡಕ್ಕೆ ತಿರುಗಿದ್ರೆ ಮುಂದೆ ಸಿಗುತ್ತೆ."

"ಅಲ್ಲೂ ಗದ್ದೆ ನೀರು ರಸ್ತೆಗ್ ಬಂದದೆ ಮೇಡಂ."

"ಅದರಾಚೆ ಇನ್ನೊಂದಿದೆ."

"ಅದು ಎತ್ತಿನ್‌ಗಾಡಿ ದಾರಿ. ಟ್ರ್ಯಾಕ್ಟ್ರೇ ಊತ್ಕಂಡು ನಿಂತದೆ."

ನಾನು ಬೆರಳಲ್ಲಿ ನಕ್ಷೆ ಹಿಗ್ಗಿಸಿದೆ, ಕುಗ್ಗಿಸಿದೆ, ಮತ್ತೆ ಹಿಗ್ಗಿಸಿದೆ. ಮುಂದಕ್ಕೆ ಒಂದು ಗೆರೆಯೂ ಸಿಗಲಿಲ್ಲ. ಎಂಥೆಂಥಾ ಮೂಲೆಯಲ್ಲೂ ದಾರಿ ಹುಡುಕಿದವಳು ನಾನು.

"ಇಳಿ ನೇತ್ರಾ. ಕೂತ್ಕಂಡು ಯೋಚ್ನೆ ಮಾಡುವಾ" ಅಂದರು ಇವರು.

"ಇಳಿಯಲ್ಲ."

ಇವರು ತಿರುಗಿ ನನ್ನ ಮುಖ ನೋಡಿದರು. ಹೆಲ್ಮೆಟ್ ತೆಗೆದರು. ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದರು. "ಗೊತ್ತಾಗ್ತದಾ?"

"ಇಲ್ಲ."

"ಯಾವಾಗ್ಲಿಂದ?"

"ಅರಕಲಗೂಡು ದಾಟಿದ್ ಮೇಲೆ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು, ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಪೊಲೀಸ್ ಮತ್ತು ಇವರು ಸೇರಿ ನನ್ನನ್ನು ಎತ್ತಿ ಇಳಿಸಿದರು. ಎಡಗಾಲು ಕೆಳಗೆ ಮಡಚಿಕೊಂಡಿತು. ರಸ್ತೆ ಬದಿಯ ಹುಲ್ಲಿನ ಮೇಲೆ ಮಲಗಿಸಿದರು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಅದು ಕುಸಿದ ರಸ್ತೆಯ ಆಚೆ ಕಡೆ ಇದೆ, ಸುತ್ತಿ ಬರಬೇಕು, ಹೊತ್ತಾಗುತ್ತದೆ ಅಂದರು. ಇವರು ರಸ್ತೆಯ ಮಧ್ಯ ನಿಂತು ಬಂದ ದಾರಿಯನ್ನೇ ನೋಡುತ್ತಿದ್ದರು.

ಆ ದಾರಿಯಲ್ಲಿ ಬಂದಿದ್ದು ಬೋರಪ್ಪ. ಪಕ್ಕದ ಹೊಲದಲ್ಲಿ ಶುಂಠಿ ಹೇರುವುದಕ್ಕೆ ಬಂದವನು ನಮ್ಮ ಬುಲೆಟ್ ಕಂಡು ಆಟೋ ನಿಲ್ಲಿಸಿ ಓಡಿಬಂದ. ವಿಷಯ ತಿಳಿದು ತಲೆ ಮೇಲೆ ಕೈಹೊತ್ತ.

"ಅಯ್ಯೋ, ಈ ರಸ್ತೆ ಕಿತ್ತೋಗಿರಾದು ನಂಗೆ ಬೆಳ್ಗೇನೇ ಗೊತ್ತಿತ್ತಲ್ಲಣ್ಣ. ಬಾಯಿಗೆ ಬಂದಿತ್ತು ಕಣಕ್ಕ. ದೂರ ಒಂಟೋರ್ನ ಎಲ್ಗೆ ಅಂತ ಕೇಳ್ಬಾರ್ದಲ್ಲ ಅಂತ ಸುಮ್ಕಾಗ್ಬುಟ್ಟೆ. ಕೇಳಿದ್ರೆ ಅಲ್ಲೇ ಏಳ್ತಿದ್ದೆ."

ಅವನನ್ನು ಹೇಗೆ ಬೈಯುವುದು? ಅವನು ಕೇಳದಿರಲಿ ಅಂತ ಬಯಸಿದವಳು ನಾನೇ.

ಆಟೋದ ಹಿಂದೆ ಖಾಲಿ ಗೋಣಿಚೀಲಗಳನ್ನು ದಪ್ಪಗೆ ಹಾಸಿದರು. ಶುಂಠಿ ಕೀಳುವ ಆಳುಗಳ ಜೊತೆ ಬಂದಿದ್ದ ಲಕ್ಕಮ್ಮ ಅನ್ನುವ ಹೆಂಗಸು ಯಾರೂ ಹೇಳದೆ ಹತ್ತಿ ಕೂತು, "ತಲೆ ಇತ್ಲಾಗಿಡವ್ವ" ಅಂತ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವಳ ಕೈ ಶುಂಠಿ ನಾರುತ್ತಿತ್ತು. ಕಾಲು ಹಿಡಿಸಲಿಲ್ಲ ಅಂತ ಹಿಂದಿನ ಬಾಗಿಲನ್ನು ಇಳಿಸಿ ಹಗ್ಗ ಕಟ್ಟಿದರು. ಮೂರು ದಿನದ ರೊಟ್ಟಿಯ ಗಂಟನ್ನು ನನ್ನ ಪಕ್ಕಕ್ಕಿಟ್ಟರು. ಮೂವರಿಗೆ ಅಲ್ಲಿ ಜಾಗವಿರಲಿಲ್ಲ. "ನಿನ್ ಹಿಂದೇನೇ ಬತ್ತೀನಿ" ಅಂದರು ಇವರು.

ಆಟೋ ಹಾಸನದ ಕಡೆಗೆ ಹೊರಟಿತು. ಎರಡೂ ಪಕ್ಕದ ತಗಡು ಎತ್ತರವಾಗಿತ್ತು. ಮಲಗಿದ್ದವಳಿಗೆ ಹೊಲ, ಮರ ಒಂದೂ ಕಾಣುತ್ತಿರಲಿಲ್ಲ. ಮೇಲೆ ಮೋಡ, ನನ್ನ ಕಾಲಿನಾಚೆ ಬಿಟ್ಟುಹೋಗುತ್ತಿರುವ ರಸ್ತೆ, ರಸ್ತೆಯ ಮೇಲೆ ಇವರು.

ಇಷ್ಟು ವರ್ಷ ಇವರು ಬೈಕ್ ಓಡಿಸುವಾಗ ನಾನು ನೋಡಿದ್ದು ಇವರ ಬೆನ್ನನ್ನು. ಮುಖ ಕಂಡಿದ್ದು ಅವತ್ತೇ ಮೊದಲು. ಹನಿ ಶುರುವಾಗಿತ್ತು. ಇವರು ಹೆಲ್ಮೆಟ್ಟಿನ ಗಾಜು ಎತ್ತಿಕೊಂಡಿದ್ದರು, ಮುಖವೆಲ್ಲ ಒದ್ದೆ. ತುಟಿ ಅಲುಗುತ್ತಿತ್ತು. ಹಾಡಲ್ಲ, ಇವರಿಗೆ ಹಾಡು ಬರುವುದಿಲ್ಲ. ಮಾತಾಡುತ್ತಿದ್ದರು. ಅಂದರೆ ಇಷ್ಟು ವರ್ಷವೂ ಹೀಗೇ ಮಾತಾಡುತ್ತಾ ಬಂದಿದ್ದರಾ? ಒಂದೂ ನನಗೆ ಕೇಳಿಸಿರಲಿಲ್ಲ.

"ಅಳ್ಬ್ಯಾಡ ಕಣವ್ವ, ಕಾಲು ಬತ್ತದೆ" ಅಂದಳು ಲಕ್ಕಮ್ಮ. ಬರುತ್ತದೋ ಇಲ್ಲವೋ ಅವಳಿಗೇನು ಗೊತ್ತು, ನನಗೇನು ಗೊತ್ತು.

ಆಟೋ ಒಂದು ತಿರುವು ದಾಟಿ ಏರು ಹತ್ತಿತು. ತಂಪಾದ ಗಾಳಿ ಬಂತು, ನೀರಿನ ವಾಸನೆ ಬಂತು. ಇವರ ಮುಖ ಒಂದು ಕಡೆಗೆ ತಿರುಗಿತು. ಎಡಗೈ ಹ್ಯಾಂಡಲ್ ಬಿಟ್ಟು ಹಿಂದಕ್ಕೆ ಹೋಯಿತು. ಖಾಲಿ ಸೀಟನ್ನು ಎರಡು ಸಲ ತಟ್ಟಿತು. ಬೆರಳು ಆ ಕಡೆಗೆ ಎದ್ದಿತು. ಅರ್ಧಕ್ಕೇ ನಿಂತಿತು. ಮತ್ತೆ ಸೀಟಿನ ಮೇಲೆ ಇಳಿದು, ಸುಮಾರು ದೂರದವರೆಗೂ ಅಲ್ಲೇ ಇತ್ತು.

ನಾನು ಕತ್ತು ಎತ್ತಿ ನೋಡಲು ಹೋದೆ, ಆಗಲಿಲ್ಲ. ತಗಡು ಅಡ್ಡ ಇತ್ತು. ಕೆರೆ ಇತ್ತೋ, ಹೊಳೆ ಇತ್ತೋ, ಏನು ತೋರಿಸಿದರೋ ನನಗೆ ಕಾಣಲಿಲ್ಲ. ಕೈ ಚಾಚಿ ಆ ತಗಡನ್ನೇ ಎರಡು ಸಲ ತಟ್ಟಿದೆ.