ಅಖ್ತರ್ ಸಾಹೇಬರ ಎಡ ಜೇಬು

ಯಲ್ಲಾಪುರದ ಅಖ್ತರ್ ಸಾಹೇಬರು ಯಾರ ಎದುರಿಗೂ ನೇರವಾಗಿ ನಿಲ್ಲುವವರಲ್ಲ. ಮಾತನಾಡಿಸಲು ಹೋದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಭುಜವನ್ನಷ್ಟೇ ನಮ್ಮತ್ತ ತಿರುಗಿಸಿ, ಓರೆಯಾಗಿ ನಿಂತೇ ಉತ್ತರ ಕೊಡುತ್ತಾರೆ. ಮದುವೆಮನೆಯ ಫೋಟೋದಲ್ಲಿಯೂ ಚಹಾ ಅಂಗಡಿಯ ಗಲ್ಲೆಯ ಮುಂದೆಯೂ ಅದೇ ಭಂಗಿ. ಮೊದಮೊದಲು ನಾನಿದನ್ನು ಗರ್ವವೆಂದುಕೊಂಡಿದ್ದೆ. ಗರ್ವವೇನೂ ಅವರಲ್ಲಿ ಕಡಿಮೆಯಿರಲಿಲ್ಲ. ತನ್ನ ಕೈ ಮುಟ್ಟಿದ ಯಂತ್ರವನ್ನು ಇನ್ನೊಬ್ಬ ರಿಪೇರಿಯವನು ಮುಟ್ಟಿದನೆಂದು ತಿಳಿದರೆ ಆ ಊರಿನ ದಾರಿಯನ್ನೇ ಬಿಡುವಷ್ಟು ಸಿಟ್ಟಿನ ಮನುಷ್ಯ. ಆದರೆ ಓರೆ ನಿಲುವಿಗೆ ಕಾರಣ ಬೇರೆಯೇ ಇತ್ತು.

ನಮ್ಮ ಸೀಮೆಯ ಬಡಗಿಗಳ ಬಳಿ ಈಗ ಟೇಬಲ್ ಗರಗಸ ಸಾಮಾನ್ಯ. ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ದುಂಡನೆಯ ಅಲಗು, ಅದರ ಪಕ್ಕಕ್ಕೆ ಹಲಗೆಯನ್ನು ಒರಗಿಸಿ ತಳ್ಳಲು ಉದ್ದನೆಯ ಕಬ್ಬಿಣದ ಪಟ್ಟಿ. ಬಡಗಿಗಳ ಬಾಯಲ್ಲಿ ಅದು ಗೈಡು. ಗೈಡಿನ ಹಿಂತುದಿ ಅಲಗಿನ ಕಡೆಗೆ ಕೂದಲೆಳೆಯಷ್ಟು ವಾಲಿದರೂ ಹಲಗೆ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಅಲಗಿನ ಹಿಂಬದಿಯ ಹಲ್ಲುಗಳು ಅದನ್ನು ಎತ್ತಿ, ತಳ್ಳುತ್ತಿರುವವನ ಹೊಟ್ಟೆಗೇ ಎಸೆಯುತ್ತವೆ. ಆ ಕೂದಲೆಳೆಯನ್ನು ಹುಡುಕಿ ಸರಿಪಡಿಸುವುದೇ ಸಾಹೇಬರ ವೃತ್ತಿ. ಅವರ ಓರೆ ನಿಲುವಿನ ಬಗ್ಗೆ ಒಮ್ಮೆ ನಾನು ಕೇಳಿಯೇಬಿಟ್ಟೆ. ಅಂಗಿಯನ್ನು ತುಸು ಎತ್ತಿ ಹೊಟ್ಟೆಯ ಮೇಲಿನ ಹಳೆಯ ಹೊಲಿಗೆಯ ಗುರುತು ತೋರಿಸಿದರು.

"ಒಂದ್ಸಲ ಎದುರಿಗೆ ನಿಂತಿದ್ದೆ. ಸಾಕು."

ಮೈಮೇಲೆ ಸದಾ ಒಂದು ಖಾಕಿ ಕೋಟು. ಅದರ ತೋಳುಗಳನ್ನು ಅವರೇ ಕತ್ತರಿ ಹಿಡಿದು ಮೊಣಕೈಗಿಂತ ಮೇಲಕ್ಕೆ ಕತ್ತರಿಸಿಬಿಟ್ಟಿದ್ದಾರೆ. ಜೋಲುವ ಬಟ್ಟೆಯನ್ನು ಅಲಗು ಎಳೆದುಕೊಳ್ಳುತ್ತದೆಂಬ ಭಯ. ಧನುರ್ಮಾಸದ ಚಳಿಯಲ್ಲಿ ಮುಂಗೈ ಗಡಗಡ ನಡುಗುತ್ತಿದ್ದರೂ ಕೋಟು ಬದಲಾಗದು. ಕೆಲಸಕ್ಕೆ ತೊಡಗುವ ಮುನ್ನ ಪ್ಲಗ್ಗನ್ನು ಕಿತ್ತು ತಮ್ಮ ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡುತ್ತಾರೆ. ಆಮೇಲೆ ಅಲಗನ್ನು ಬಿಗಿದಿರುವ ನಟ್ಟನ್ನು ಬಿಚ್ಚಿ ಎಡ ಜೇಬಿಗೆ ಹಾಕಿಕೊಳ್ಳುತ್ತಾರೆ. ಅದು ಎಡಕ್ಕೆ ತಿರುಗಿಸಿದರೆ ಬಿಗಿಯುವ ಉಲ್ಟಾ ಸುತ್ತಿನ ನಟ್ಟು, ಶಿರಸಿಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗದು. ಹೇರೂರಿನಲ್ಲೊಮ್ಮೆ, ಉಮ್ಮಚಗಿಯಲ್ಲೊಮ್ಮೆ ಅದನ್ನು ಜೇಬಿನಲ್ಲಿಟ್ಟುಕೊಂಡೇ ಅವರು ಬಸ್ಸು ಹತ್ತಿದ್ದುಂಟು. ವಯಸ್ಸಾಯಿತು, ಸಾಹೇಬರಿಗೆ ಮರೆವು ಎಂದು ಬಡಗಿಗಳು ನಗುತ್ತಿದ್ದರು.

ಕಳೆದ ವರ್ಷ ನನ್ನ ತಂಗಿ ರೋಹಿಣಿಯ ಹೊಸ ಮನೆಗೆ ದ್ವಾರಬಾಗಿಲು ನಿಲ್ಲಿಸುವ ಮುಹೂರ್ತ ಗೊತ್ತಾಗಿತ್ತು. ಬಾಗಿಲವಾಡದ ಕೆಲಸ ಹುಲೇಕಲ್‌ನ ಗಣಪ ಆಚಾರಿಯದು. ಆಯುಧಪೂಜೆ ಕಳೆದದ್ದೇ ತಡ, ಅವನ ಗರಗಸ ಸೀಳಿದ ಅಂಚೆಲ್ಲ ಅಲೆಅಲೆಯಾಗಿ, ಸುಟ್ಟು ಕಪ್ಪಾಗಿ ಬರತೊಡಗಿತು. ಸಾಹೇಬರನ್ನು ಕರೆಸಿದ. ಬಾಗಿಲಿನ ಕಾಳಜಿಯಿಂದ ನಾನೂ ಅಲ್ಲಿಗೆ ಹೋಗಿದ್ದೆ.

ನಟ್ಟು ಜೇಬು ಸೇರಿತು. ಅಲಗನ್ನು ಹೊರತೆಗೆದು, ಅದು ಆತುಕೊಳ್ಳುವ ಬಿಲ್ಲೆಯ ಮೇಲೆ ಉಗುರು ಆಡಿಸಿದ ಸಾಹೇಬರು ಗಣಪನತ್ತ ಕಣ್ಣು ಹಾಯಿಸಿದರು. ಬಿಲ್ಲೆಯ ಮೇಲೆ ಗಂಧ, ಕುಂಕುಮ ಒಣಗಿ ಗಟ್ಟಿಯಾಗಿದ್ದವು. ಪೂಜೆಗೆಂದು ಅಲಗನ್ನು ಬಿಚ್ಚಿ, ತೊಳೆದು, ಯಂತ್ರದ ಒಳಗೂ ಹೊರಗೂ ಭಕ್ತಿಯಿಂದ ಬೊಟ್ಟಿಟ್ಟು, ಹಾಗೆಯೇ ಬಿಗಿದಿದ್ದ. ಆ ಒಣಗಿದ ಗಂಧದ ಚಕ್ಕೆಯ ಮೇಲೆ ಕುಳಿತ ಅಲಗು ಓಲಾಡುತ್ತ ತಿರುಗುತ್ತಿತ್ತು.

"ಬೊಟ್ಟು ಮೇಜಿಗೆ ಇಡ್ರಿ ಆಚಾರ್ರೇ. ಅಲಗಿನ ಹೊಟ್ಟಿಗೆ ಬ್ಯಾಡ್ರಿ."

ಬಿಲ್ಲೆಯನ್ನು ಒರೆಸಿ, ಜೇಬಿನಿಂದ ನಟ್ಟನ್ನು ತೆಗೆದು ಅಲಗನ್ನು ಬಿಗಿದರು. ಒಂದು ಹಲ್ಲಿಗೆ ಸುಣ್ಣದಕಡ್ಡಿಯ ಗುರುತು ಹಾಕಿದರು. ಮೇಜಿನ ಉದ್ದಕ್ಕೂ ಕೊರೆದಿರುವ ಸಣ್ಣ ಕಾಲುವೆಯಲ್ಲಿ, ತುದಿಗೆ ಸ್ಕ್ರೂ ತಿರುಪಿದ ಒಂದು ಕಟ್ಟಿಗೆಯನ್ನಿಟ್ಟು, ಗುರುತಿನ ಹಲ್ಲು ಸ್ಕ್ರೂವಿಗೆ ಸವರುವ ಸದ್ದನ್ನು ಮುಂದೊಮ್ಮೆ, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಹಿಂದೊಮ್ಮೆ, ಕಣ್ಣು ಮುಚ್ಚಿ ಕೇಳಿದರು. ಎರಡೂ ಕಡೆ ಒಂದೇ ದನಿ ಬರುವವರೆಗೆ, ಎಂದರೆ ಅಲಗು ಕಾಲುವೆಗೆ ನೇರವಾಗುವವರೆಗೆ, ಮೇಜಿನ ಬೋಲ್ಟುಗಳನ್ನು ಸಡಿಲಿಸಿ, ತಟ್ಟಿ, ಬಿಗಿದರು. ಬಳಿಕ ಗೈಡನ್ನು ಕಾಲುವೆಗೆ ಸರಿಹೊಂದಿಸಿದರು. ಕೊನೆಗೆ ಅಲಗಿನ ಹಿಂದೆ ಕೈಯಾಡಿಸಿದವರು ಥಟ್ಟನೆ ನಿಂತರು. ಸೀಳಿದ ಮರ ಮತ್ತೆ ಕೂಡಿ ಅಲಗನ್ನು ಕಚ್ಚದಂತೆ ತಡೆಯುವ ಉಕ್ಕಿನ ತಗಡು ಅಲ್ಲಿರಲಿಲ್ಲ.

"ಅದು ಅಡ್ಡ ಬರ್ತಿತ್ತು ಸಾಹೇಬ್ರೇ, ಬಿಚ್ಚಿಟ್ಟಿದ್ದೆ. ಎಲ್ಲಿ ಹೋಯ್ತೋ ಏನೋ," ಎಂದ ಗಣಪ. "ಮುಹೂರ್ತ ಹತ್ರ ಬಂತು. ಇದೊಂದ್ ಬಾಗ್ಲು ಆಗ್ಲಿ, ಆಮೇಲೆ ನೋಡ್ವ."

ಸಾಹೇಬರು ಇನ್ನೊಮ್ಮೆ ನೋಡುತ್ತೇನೆಂಬಂತೆ ಅಲಗನ್ನು ಬಿಚ್ಚಿ ಮೇಜಿನ ಮೇಲಿಟ್ಟರು, ಚಹಾ ಕುಡಿದರು, ಬಸ್ಸು ಬಂತೆಂದು ಹೊರಟೇಬಿಟ್ಟರು. ಅವರು ಹೋದ ಮೇಲೆ ನೋಡಿದರೆ ನಟ್ಟು ಇಲ್ಲ. ಗಣಪ ಹಣೆ ಚಚ್ಚಿಕೊಂಡು ಫೋನು ಮಾಡಿದ.

"ಅರೆ, ಜೇಬಲ್ಲೇ ಉಳೀತು ನೋಡ್ರಿ," ಎಂದಿತು ಆ ಕಡೆಯ ದನಿ. "ತಗಡು ಸಿಕ್ಕ ಮ್ಯಾಲೆ ಹೇಳ್ರಿ. ನಾನೇ ತರ್ತೇನಿ."

ಅದು ಮರೆವಲ್ಲವೆಂದು ನನಗೆ ಹೊಳೆದದ್ದು ಆಗ. ನನಗೂ ಸಿಟ್ಟು ಬಂತು. ಮುಹೂರ್ತ ನಮ್ಮದು, ಹಟ ಇವರದು. ಸಂಜೆಯವರೆಗೆ ಗಣಪನೊಡನೆ ಮರದಪುಡಿಯ ರಾಶಿಯನ್ನೆಲ್ಲ ಕೆದಕಿದೆ. ಕೊನೆಗೆ ತಗಡು ಸಿಕ್ಕಿದ್ದು ಅಡಿಗೆಮನೆಯಲ್ಲಿ. ಗಣಪನ ಹೆಂಡತಿ ಲಕ್ಷ್ಮೀ ಅದರಿಂದ ದೋಸೆ ಎಬ್ಬಿಸುತ್ತಿದ್ದಳು. "ಚಲೋ ತೆಳ್ಳಗೆ ಇತ್ತು, ಬಿಸಾಕಿದ್ದು ಅಂತ ಮಾಡಿದ್ದೆ," ಎಂದಳು.

ಫೋನಿನಲ್ಲಿ ಸಂಗತಿಯನ್ನೆಲ್ಲ ಕೇಳಿದ ಸಾಹೇಬರು ಮರುದಿನ ಮೊದಲ ಬಸ್ಸಿಗೇ ಬಂದಿಳಿದರು. ಒಲೆಯ ಕಾವಿಗೆ ತಗಡು ಬಗ್ಗಿದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡಿ, ಅಲಗಿನ ನೇರಕ್ಕೆ ಕೂರಿಸಿ, ಎಡ ಜೇಬಿನ ನಟ್ಟನ್ನು ಬಿಗಿದರು. ಬಲ ಜೇಬಿನಿಂದ ಹೊಸದೊಂದು ದೋಸೆ ಸಟ್ಟುಗವನ್ನು ತೆಗೆದು ಲಕ್ಷ್ಮೀಯ ಕೈಗೆ ಕೊಟ್ಟರು. ಗಣಪ ಬಾಗಿಲವಾಡದ ಮರವನ್ನು ಗರಗಸಕ್ಕೆ ಕೊಟ್ಟ. ಅರ್ಧ ಸೀಳುವಷ್ಟರಲ್ಲಿ ಸೀಳಿದ ಎರಡು ಭಾಗಗಳೂ ಒಳಬಿಗಿತದಿಂದ ಹಿಂದೆ ಕೂಡಿ ತಗಡನ್ನು ಗಟ್ಟಿಯಾಗಿ ಕಚ್ಚಿದವು. ಯಂತ್ರ ಗುರುಗುಟ್ಟಿತು, ಮರ ಅಲ್ಲೇ ನಿಂತಿತು. ಗಣಪ ನಿಂತಿದ್ದದ್ದು ಅಲಗಿಗೆ ಸರಿ ಎದುರಿಗೆ. ಅವನ ಮುಖ ಬೆಳ್ಳಗಾಯಿತು. ಸ್ವಿಚ್ಚು ಆರಿಸಿದವನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಸಾಹೇಬರು ಅದನ್ನು ನೋಡಿಯೂ ನೋಡದವರಂತೆ, ಸಕ್ಕರೆ ಕಡಿಮೆ ಹಾಕಿ ಚಹಾ ತರುವಂತೆ ಲಕ್ಷ್ಮೀಗೆ ಹೇಳಿದರು.

ಇಂಥವರು ಎಲ್ಲ ಊರಲ್ಲೂ ಇದ್ದಾರೆ, ಎಲ್ಲ ಊರಲ್ಲೂ ಕಿರಿಕಿರಿಯ ಮನುಷ್ಯರೆಂದೇ ಹೆಸರಾಗಿದ್ದಾರೆ. ಅವರ ಜೀವಮಾನದ ಸಾಧನೆಯೆಂದರೆ ನಡೆಯದೇ ಹೋದ ಅವಘಡಗಳು. ನಡೆಯದ್ದನ್ನು ಯಾರೂ ನೆನಪಿಡುವುದಿಲ್ಲ. ನಾವಾದರೋ ಅವರ ಹಟಕ್ಕೆ ಗೊಣಗಿ, ಮರೆವಿಗೆ ನಕ್ಕು, ಕೆಲಸ ಮುಗಿದ ಮೇಲೆ ಹತ್ತೂ ಬೆರಳು ಕೂಡಿಸಿ ಕೈಮುಗಿದು, ಬಸ್ಸು ಹತ್ತಿಸಿ ಬರುತ್ತೇವೆ.