ಚರ್ಚಿನ ನೆಲಮಾಳಿಗೆಗೆ ಬಂದ ಪಾತ್ರೆ ತೊಳೆಯುವ ಯಂತ್ರ

ನಮ್ಮ ಚರ್ಚಿನ ಗಂಡಸರು ಜನ್ಮದಲ್ಲಿ ಒಂದು ಲೋಟ ತೊಳೆದವರಲ್ಲ. ಆದರೂ ನೆಲಮಾಳಿಗೆಯ ಅಡುಗೆಮನೆಗೆ ಪಾತ್ರೆ ತೊಳೆಯುವ ಯಂತ್ರ ಬೇಕೋ ಬೇಡವೋ ಎಂದು ಸಭೆಯಲ್ಲಿ ಕೈಯೆತ್ತಿ ತೀರ್ಮಾನಿಸಿದವರು ಅವರೇ. ಯಂತ್ರ ದಾನ ಕೊಟ್ಟವನು ಫ್ರಿಜ್ಜು, ಒಲೆ ಮಾರುವ ಅಂಗಡಿಯ ಕ್ಲಾರೆನ್ಸ್ ಬಕ್ಕೆ. ತೀರಿಕೊಂಡ ತಾಯಿಯ ನೆನಪಿಗಂತೆ. ಆ ತಾಯಿ ಅದೇ ಅಡುಗೆಮನೆಯ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು ಆಯಸ್ಸು ಸವೆಸುವಾಗ ಈ ಮಹಾನುಭಾವನಿಗೆ ಯಂತ್ರದ ಯೋಚನೆ ಹೊಳೆದಿರಲಿಲ್ಲ. ಇದನ್ನು ನಾನು ಯಾರ ಹತ್ತಿರವೂ ಹೇಳಲಿಲ್ಲ. ಮಿನ್ನೆಸೋಟಾದ ನಾವು ಯಾವುದನ್ನೂ ನೇರವಾಗಿ ಹೇಳುವವರಲ್ಲ. ಒಬ್ಬರು "ಹಾಗೂ ಇರಬಹುದು" ಅಂದರೆ ನಮ್ಮಲ್ಲಿ ಅದು ಜಗಳ.

ನನಗೆ ಸಂಕಟವಾದದ್ದು ಮದುವೆಯಾಗದೆ ಉಳಿದ ತಂಗಿ ವರ್ನಾಳಿಗಾಗಿ. ಊರಾಚೆ ಹಸು ಸಾಕಿಕೊಂಡಿರುವ ಆರ್ಲಿನ್ ಹೌಗನ್ ಎಂಬ ಬ್ರಹ್ಮಚಾರಿ ಒಮ್ಮೆ ಕಾಫಿ ಹಂಡೆ ಇಳಿಸಿಕೊಡಲು ಅಡುಗೆಮನೆಗೆ ಬಂದಿದ್ದ. ಯಾರೋ ಅವನ ಕೈಗೆ ಒರೆಸುವ ಬಟ್ಟೆ ಕೊಟ್ಟರು. ಅಂದಿನಿಂದ ಚರ್ಚಿನಲ್ಲಿ ಊಟವಾದಾಗಲೆಲ್ಲ ಉಳಿದ ಗಂಡಸರು ಮೇಲೆ ಕೂತು ಮೆಕ್ಕೆಜೋಳದ ಬೆಳೆಯ ಬಗ್ಗೆ ಕೊರೆಯುತ್ತಿದ್ದರೆ, ಇವನು ಕೆಳಗೆ ವರ್ನಾ ತೊಳೆದುಕೊಟ್ಟ ತಟ್ಟೆಗಳನ್ನು ಒರೆಸುತ್ತ ನಿಲ್ಲುತ್ತಿದ್ದ. ಮಾತೆಂದರೆ, ಈ ಬಟ್ಟಲು ಸ್ವಲ್ಪ ಸೀಳುಬಿಟ್ಟಿದೆ, ಹೌದು ಸೀಳುಬಿಟ್ಟಿದೆ, ಇಷ್ಟೇ. ವರ್ಷಗಟ್ಟಲೆ ಇದೇ. ಅವರಿಬ್ಬರಿಗೂ ನಲವತ್ತು ದಾಟಿತು. ಅವನ ಮನಸ್ಸಿನಲ್ಲಿರುವುದು ಊರಿಗೆಲ್ಲ ಗೊತ್ತಿತ್ತು, ಅವನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಪಾಪದವರು ಒಟ್ಟಿಗೆ ನಿಲ್ಲಲು ಆ ತೊಟ್ಟಿಯೊಂದೇ ಜಾಗ. ಅಲ್ಲಿಗೂ ಈಗ ಯಂತ್ರ ಬಂದು ಕೂತಿತು.

ಸುಗ್ಗಿಯ ಊಟದ ದಿನ ಯಂತ್ರದ ಉದ್ಘಾಟನೆ. ಬೆಳ್ಳಗೆ ಹೊಳೆಯುತ್ತಿದ್ದ ಆ ವಸ್ತುವಿನೊಳಗೆ ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಮೆತ್ತಿದ ಎಂಜಲು ತಟ್ಟೆ ಇಡಲು ನಮ್ಮ ಹೆಂಗಸರಿಗೆ ನಾಚಿಕೆಯಾಯಿತು. ಯಂತ್ರ ನಮ್ಮ ಬಗ್ಗೆ ಏನೆಂದುಕೊಂಡೀತು? ಹಾಗಾಗಿ ಎಲ್ಲವನ್ನೂ ಸೋಪು ಹಾಕಿ ಉಜ್ಜಿ, ಬಿಸಿನೀರಲ್ಲಿ ಜಾಲಿಸಿ, ಆಮೇಲೆ ಅದರೊಳಗೆ ಜೋಡಿಸಿದೆವು. ತೊಟ್ಟಿಯಿಂದ ತಟ್ಟೆ ನೇರ ಯಂತ್ರಕ್ಕೆ ಹೋಯಿತು. ಆರ್ಲಿನ್ ಬಟ್ಟೆ ಹಿಡಿದು ಸ್ವಲ್ಪ ಹೊತ್ತು ನಿಂತ. ಕೊನೆಗೆ ಅದನ್ನು ಮಡಚಿಟ್ಟು ಮೇಲೆ ಹೋಗಿ ಗಂಡಸರ ಜೊತೆ ಕೂತ.

ಮುಂದಿನ ಊಟಕ್ಕೆ ಅವನು ಕೆಳಗೆ ಇಳಿಯಲೇ ಇಲ್ಲ. ವರ್ನಾ ಒಂದೇ ಬಾಣಲೆಯನ್ನು ಅದರ ಬಣ್ಣ ಹೋಗುವವರೆಗೆ ಉಜ್ಜಿದಳು. ನನಗೆ ರೇಗಿಹೋಯಿತು. ಅಲ್ಲಿದ್ದವರಿಗೆಲ್ಲ ಕೇಳುವಂತೆ, ಒದ್ದೆ ತಟ್ಟೆ ಇಟ್ಟರೆ ಯಂತ್ರದೊಳಗೆ ತುಕ್ಕು ಹಿಡಿಯುತ್ತದಂತೆ, ಒರೆಸಿಯೇ ಇಡಬೇಕಂತೆ ಎಂದೆ. ನೀರಲ್ಲೇ ಕೆಲಸ ಮಾಡುವ ಯಂತ್ರಕ್ಕೆ ನೀರಿನ ಭಯವೇ ಎಂದು ಯಾರೂ ಕೇಳಲಿಲ್ಲ. ಇಬ್ಬರು "ಹಾಗೂ ಇರಬಹುದು" ಅಂದರು. ನಾನು ಲೆಕ್ಕಿಸಲಿಲ್ಲ. ಮೆಟ್ಟಿಲ ಬುಡಕ್ಕೆ ಹೋಗಿ, ಒರೆಸಲು ಜನ ಸಾಲದು ಎಂದು ಕೂಗಿದೆ. ಮಾತು ಮುಗಿಯುವಷ್ಟರಲ್ಲಿ ಆರ್ಲಿನ್ ಕೆಳಗಿದ್ದ.

ಹೀಗೆ ಹೊಸ ಪದ್ಧತಿ ಶುರುವಾಯಿತು. ತೊಳೆಯುವುದು, ಒರೆಸುವುದು, ಯಂತ್ರಕ್ಕಿಡುವುದು, ಒದ್ದೆಯಾಗಿ ಹೊರಬಂದದ್ದನ್ನು ಮತ್ತೆ ಒರೆಸುವುದು. ಕೆಲಸ ಎರಡರಷ್ಟಾಯಿತು. ಆರ್ಲಿನ್‌ನಷ್ಟು ಖುಷಿಯಾಗಿ ಆ ಯಂತ್ರವನ್ನು ಹೊಗಳಿದವರು ಇನ್ನೊಬ್ಬರಿಲ್ಲ.

ಚಳಿಗಾಲದ ಒಂದು ಊಟದ ದಿನ ಕ್ಲಾರೆನ್ಸ್ ತನ್ನ ದಾನವನ್ನು ಕಣ್ತುಂಬ ನೋಡಲು ಕೆಳಗಿಳಿದ. ನಮ್ಮ ಪದ್ಧತಿ ನೋಡಿ ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಅಲ್ರಮ್ಮಾ, ತೊಳೆದಿದ್ದನ್ನ ತೊಳೆಯೋಕೆ ಮಿಷಿನ್ ಯಾಕ್ರೀ?" ಅಂದ.

ಆಮೇಲೆ ತಾನೇ ಎಂಜಲು ತಟ್ಟೆಗಳನ್ನು ಹಾಗೆಹಾಗೇ ತುರುಕಿ, ಬಾಗಿಲು ದಬ್ಬಿ, ಗುಂಡಿ ಒತ್ತಿದ. ಯಂತ್ರ ಗುಡುಗತೊಡಗಿತು. ನಾವೆಲ್ಲ ಕೈ ಕಟ್ಟಿಕೊಂಡು ಗೋಡೆಗಂಟಿ ನಿಂತೆವು. ಅಡುಗೆಮನೆಯಲ್ಲಿ ಸುಮ್ಮನೆ ನಿಂತ ಅಭ್ಯಾಸ ಒಬ್ಬರಿಗೂ ಇರಲಿಲ್ಲ. ತೊಟ್ಟಿಯ ಪಕ್ಕ ಆರ್ಲಿನ್ ಮತ್ತು ವರ್ನಾ. ಅವಳು ಒಣಗಿದ ತೊಟ್ಟಿಯನ್ನೇ ನೋಡುತ್ತಿದ್ದಳು. ಮುಗಿಯಿತು, ಇನ್ನು ಈ ಮನುಷ್ಯ ಮೇಲೆ ಹೋದರೆ ಮತ್ತೆ ಇಳಿಯಲಾರ ಎಂದುಕೊಂಡೆ.

ಆರ್ಲಿನ್ ಅವಳ ಕಡೆ ಬಾಗಿ ಏನೋ ಅಂದ. ಗದ್ದಲದಲ್ಲಿ ಅವಳಿಗೆ ಕೇಳಲಿಲ್ಲ. ಅವನು ಉಸಿರೆಳೆದು ಗಟ್ಟಿಯಾಗಿ ಕೂಗಿದ. ಸರಿಯಾಗಿ ಆ ಗಳಿಗೆಯಲ್ಲೇ ಯಂತ್ರ ನೀರು ಬಸಿದು ಸುಮ್ಮನಾಯಿತು.

"ನಮ್ಮನೇಲಿ ಈ ಮಿಷಿನ್ ಇಲ್ಲ!"

ಅಡುಗೆಮನೆಯಲ್ಲಿದ್ದ ಹೆಂಗಸರಿಗೆಲ್ಲ ಅರ್ಥವಾಯಿತು. ಒಬ್ಬಳು ಖಾಲಿ ಸಕ್ಕರೆ ಡಬ್ಬಿಯೊಳಗೆ ಇಣುಕಿದಳು, ಇನ್ನೊಬ್ಬಳು ಕಿಟಕಿಯೇ ಇಲ್ಲದ ಗೋಡೆ ನೋಡತೊಡಗಿದಳು. ಅರ್ಥವಾಗದವನು ಕ್ಲಾರೆನ್ಸ್ ಒಬ್ಬನೇ.

"ಅದಕ್ಕೇನಂತೆ ಆರ್ಲಿನ್, ನಾಳೇನೇ ಒಂದು ಕಳಿಸ್ತೀನಿ," ಅಂದ.

ನಾನು ಅವನ ಕಾಲು ತುಳಿದೆ, ಸರಿಯಾಗಿಯೇ ತುಳಿದೆ. ವರ್ನಾ ಕತ್ತಿನವರೆಗೂ ಕೆಂಪಾಗಿದ್ದಳು. ಆದರೂ ತಲೆ ಎತ್ತಿದಳು. ನೋಡಿದ್ದು ಕ್ಲಾರೆನ್ಸ್‌ನ ಮುಖವನ್ನಲ್ಲ.

"ಕಳಿಸ್ಬೇಡಿ," ಅಂದಳು. "ಇಬ್ಬರ ಪಾತ್ರೆ ತಾನೆ. ಕೈಯಲ್ಲೇ ತೊಳ್ಕೋತೀವಿ."

ಆರ್ಲಿನ್ ಒರೆಸುವ ಬಟ್ಟೆಯನ್ನೆತ್ತಿ ಕಣ್ಣೊರೆಸಿಕೊಂಡ.