ಒಳಜೇಬಿನ ಬ್ಲೌಸು

ರಿಟೈರ್ ಆದ್ಮೇಲೆ ನಮ್ಮೆಜಮಾನ್ರು ಪೇಪರ್ ಓದ್ಕೊಂಡು, ಸಂಜೆ ಒಂದು ರೌಂಡ್ ವಾಕಿಂಗ್ ಹೋಗ್ಕೊಂಡು ತಮ್ಮ ಪಾಡಿಗೆ ತಾವಿರ್ತಾರೆ ಅಂತ ನಾನು ನಂಬಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಹಿರೇಹಳ್ಳಿ ಫ್ಯಾಕ್ಟ್ರಿ ಸ್ಟೋರ್‌ನಲ್ಲಿ ನಟ್ಟು ಬೋಲ್ಟು ನೋಡ್ಕೊಂಡಿದ್ದ ಮನುಷ್ಯ, ಬಿ.ಎಚ್. ರೋಡಿನ ಯಾವ್ದೋ ಹಾಲ್‌ನಲ್ಲಿ ಬ್ರ್ಯಾಂಡಿಂಗ್ ಕ್ಲಾಸು ಅಂತ ಹೋಗಿ ಬಂದ್ರು. ಬರೋವಾಗ ಕುತ್ತಿಗೇಲಿ ಒಂದು ಬ್ಯಾಡ್ಜು, ಕೈಲಿ ವಿಡಿಯೋ ತೆಗೆಯೋವಾಗ ಹಿಡಿಯೋ ಒಂದು ದುಂಡನೆ ಲೈಟು.

'ಪ್ರೇಮಾ, ನೀನು ಟೈಲರ್ ಅಲ್ಲ ಕಣೇ. ನೀನೊಂದು ಬ್ರ್ಯಾಂಡು' ಅಂದ್ರು.

'ಸಾರು ಉಕ್ತಾ ಇದೆ, ದಾರಿ ಬಿಡಿ' ಅಂದೆ.

ಸದಾಶಿವನಗರದಲ್ಲಿ ನಮ್ಮನೆ ಮುಂದಿನ ರೂಮೇ ನನ್ನ ಅಂಗಡಿ. ಬಾಗ್ಲ ಮೇಲೆ 'ಪ್ರೇಮಲತಾ ಲೇಡೀಸ್ ಟೈಲರ್' ಅಂತ ಬೋರ್ಡಿದೆ. ಪೇಂಟು ಅರ್ಧ ಉದುರಿದೆ, ಆದ್ರೂ ಬರೋರು ಬರ್ತಾನೇ ಇದಾರೆ. ಒಂದೇ ಮನೇಲಿ ಅವ್ವಂಗೆ ಹೊಲ್ದು, ಮಗಳಿಗೆ ಹೊಲ್ದು, ಈಗ ಮೊಮ್ಮಗಳ ಲಂಗ ಬ್ಲೌಸು ಹೊಲೀತಾ ಇದೀನಿ. ಇವರು ಇನ್‌ಸ್ಟಾಗ್ರಾಂನಲ್ಲಿ ನನ್ನ ಹೆಸರಲ್ಲಿ ಪೇಜು ಮಾಡಿ 'ಪ್ರೇಮ್ಸ್ ಕೌಚರ್' ಅಂತ ಇಟ್ರು.

'ಕೌಚರ್ ಅಂದ್ರೆ ಏನ್ರೀ?'

'ಹೊಲಿಗೆ ಅಂತ.'

'ಹಂಗಾದ್ರೆ ಹೊಲಿಗೆ ಅಂತಾನೇ ಹಾಕಿ.'

'ಹಂಗೆ ಹಾಕಿದ್ರೆ ಇದೇ ನಾಲ್ಕು ಜನ ಬರ್ತಾರೆ ಅಷ್ಟೆ.'

ಈ ನಾಲ್ಕು ಜನಕ್ಕೇ ಹೇಳಿದ ದಿನಕ್ಕೆ ಕೊಡಕ್ಕಾಗ್ದೆ ನಾನು ಬೈಸ್ಕೋತಾ ಇದೀನಿ, ಇವರಿಗೆ ಊರೆಲ್ಲಾ ಬೇಕು. ಬಾಯಲ್ಲಿ ಪಿನ್ನು ಕಚ್ಕೊಂಡಿರೋವಾಗ ಬಂದು 'ಸ್ವಲ್ಪ ನಗು' ಅಂತಾರೆ. ಸೀರೆಗೆ ಫಾಲ್ಸ್ ಹೊಡೀತಿದ್ರೆ ಲೈಟ್ ತಂದು ಮೂಗಿನ ಹತ್ರ ಇಡ್ತಾರೆ. ಒಂದಿನ ಕಸ್ಟಮರ್ ಅಳತೆ ತಗೋತಿದ್ದಾಗ ಫೋನ್ ಹಿಡ್ಕೊಂಡು ಒಳಗೇ ಬಂದ್ಬಿಟ್ರು. ಆವಮ್ಮ ಕಿಟಾರನೆ ಕಿರುಚ್ಕೊಂಡ್ಳು. ಅವತ್ತೇ ಹೇಳ್ದೆ, 'ಇನ್ನೊಂದ್ಸಲ ಹೆಂಗಸರಿರೋವಾಗ ಈ ರೂಮಿಗೆ ಫೋನ್ ತಂದ್ರೆ ಅದನ್ನ ನೀರಿನ ಸಂಪಿಗೆ ಹಾಕ್ತೀನಿ' ಅಂತ. ಮುಖ ಊದಿಸ್ಕೊಂಡು ಹೋದ್ರು. ಆಮೇಲೆ ಬರೀ ಬಟ್ಟೆ, ಬರೀ ನನ್ನ ಕೈ ವಿಡಿಯೋ ತೆಗೆಯಕ್ಕೆ ಶುರು ಮಾಡಿದ್ರು. ಒಳಗೆ ನಡಿಯೋದನ್ನ ಜನಕ್ಕೆ ತೋರಿಸ್ಬೇಕು ಅಂತ ಅವರ ಕ್ಲಾಸಿನ ಸರ್ ಹೇಳಿದಾರಂತೆ.

ಒಳಗೆ ನಡಿಯೋದು! ಲೇಡೀಸ್ ಟೈಲರ್ ಹತ್ರ ಒಳಗೆ ಏನೇನು ನಡಿಯುತ್ತೆ ಅಂತ ಆ ಸರ್‌ಗೇನು ಗೊತ್ತು? ಯಾರು ಬಸುರಿ ಅಂತ ಗಂಡನಿಗಿಂತ ಮುಂಚೆ ನನ್ನ ಟೇಪಿಗೆ ಗೊತ್ತಾಗುತ್ತೆ. ಯಾರ ಬೆನ್ನ ಮೇಲೆ ಬಾಸುಂಡೆ ಇದೆ ಅನ್ನೋದೂ ಗೊತ್ತಾಗುತ್ತೆ. ಟೇಪು ಸುತ್ತಿಟ್ಟ ಮೇಲೆ ಆ ಮಾತು ನನ್ನ ಬಾಯಿಂದ ಆಚೆ ಬಂದಿದ್ದೇ ಇಲ್ಲ.

ಗುಬ್ಬಿ ಗಂಗಾಂಬಿಕೆಯ ವಿಷಯಾನೂ ಹಂಗೇ ಇತ್ತು. ನಾನು ಅವಳನ್ನ ಗಂಗಕ್ಕ ಅಂತೀನಿ. ಮಠಕ್ಕೆ ನಡ್ಕೊಳ್ಳೋ ದೊಡ್ಡ ಮನೆತನ, ತೆಂಗಿನ ತೋಟ ಇದೆ, ಗಂಡ ಹೋಗಿ ವರ್ಷಗಳಾಯ್ತು, ಒಬ್ಳೇ ಮಗಳು ಕಾವ್ಯ. ಗಂಗಕ್ಕಂಗೆ ಬೆಂಗಳೂರಲ್ಲಿ ಎಡಗಡೆ ಎದೆ ಆಪರೇಷನ್ ಆಗಿ ತೆಗೆದ್ಬಿಟ್ರು. ನೆಂಟರಿಗೆಲ್ಲ ಪಿತ್ತಕೋಶದ ಕಲ್ಲು ಅಂತ ಹೇಳಿದ್ಳು. ಗುಬ್ಬೀಲೇನು ಟೈಲರ್‌ಗಳಿಲ್ವಾ? ಆದ್ರೂ ಬಸ್ ಹತ್ಕೊಂಡು ತುಮಕೂರಿಗೆ, ನನ್ನ ಹತ್ರ ಬರ್ತಿದ್ಳು. ಅದೂ ಮಧ್ಯಾಹ್ನ ಅಂಗಡಿ ಮುಚ್ಚಿರೋ ಹೊತ್ತಲ್ಲಿ, ಒಗೆಯೋ ಕಲ್ಲಿನ ಪಕ್ಕ ನುಸುಳ್ಕೊಂಡು, ಹಿಂದಿನ ಬಾಗ್ಲಿಂದ.

ಎಡಗಡೆಗೆ ಒಳಗೆ ಮಲ್‌ಮಲ್ ಬಟ್ಟೆದೊಂದು ಜೇಬು ಇಡ್ತಿದ್ದೆ. ಅದ್ರೊಳಗೆ ಹತ್ತಿ ಪ್ಯಾಡು ಇಟ್ಕೊಂಡ್ರೆ ಹೊರಗಿನೋರಿಗೆ ಏನೂ ಗೊತ್ತಾಗ್ತಿರ್ಲಿಲ್ಲ. ಮೊದಲನೇ ಸಲ ಹಾಕ್ಕೊಂಡಾಗ ಕನ್ನಡಿ ಮುಂದೆ ಆ ಕಡೆ ತಿರುಗಿ, ಈ ಕಡೆ ತಿರುಗಿ ನೋಡ್ಕೊಂಡು, 'ಪ್ರೇಮಾ, ನಾನೇ ಕಣೇ ಇದು' ಅಂತ ಅತ್ತಿದ್ಳು. ನಾನೂ ಅತ್ತಿದ್ದೆ.

ಈ ವರ್ಷ ಕಾವ್ಯಂಗೆ ಕುಣಿಗಲ್ ಕಡೆಯಿಂದ ಸಂಬಂಧ ಕೂಡಿ ಬಂತು. ಒಳ್ಳೆ ಹುಡುಗ, ಸರ್ಕಾರಿ ಕೆಲಸ, ಕಾವ್ಯನೂ ಒಪ್ಪಿದ್ಳು. ನಿಶ್ಚಿತಾರ್ಥಕ್ಕೆ ತಾನು ಉಡೋ ಬದನೆಕಾಯಿ ಬಣ್ಣದ ರೇಷ್ಮೆ ಸೀರೇನ ಗಂಗಕ್ಕ ಬ್ಲೌಸು ಹೊಲಿಸಕ್ಕೆ ತಂದ್ಳು. ಅಂಚಿನ ತುಂಬ ಪುಟ್ಟ ಪುಟ್ಟ ನಂದಿ, ಹೇಳಿ ನೇಯ್ಸಿದ್ದು, ಅಂಥದ್ದು ನಾನು ಬೇರೆಲ್ಲೂ ಕಂಡಿಲ್ಲ.

'ಪ್ರೇಮಾ, ಮದ್ವೆ ಮುಗಿಯೋ ತನಕ ಇದು ನಿನ್ನ ಹೊಟ್ಟೇಲೇ ಇರ್ಲಿ. ತಾಯಿಗೆ ಬಂದಿದ್ದು ಮಗಳಿಗೂ ಬರುತ್ತೆ ಅಂತ ಸಂಬಂಧ ಮುರ್ಕೊಂಡು ಹೋಗ್ತಾರೆ. ಕಾವ್ಯ ಆ ಹುಡುಗನ್ನ ಮನಸ್ಸಿಗೆ ಹಚ್ಕೊಂಡವ್ಳೆ' ಅಂದ್ಳು.

ಮಿಷನ್ ಮೇಲೆ ಕೈಯಿಟ್ಟು ಆಣೆ ಮಾಡ್ದೆ. ನಮ್ಮೆಜಮಾನ್ರಿಗೂ ಹೇಳ್ಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ.

ನಾನು ಆ ಜೇಬು ಹೊಲೀತಿದ್ದಾಗ ಇವರು ಬಂದು ಇಣುಕಿದ್ರು. 'ಇದೇನೇ, ಬ್ಲೌಸೊಳಗೆ ಜೇಬು?'

ಏನ್ ಹೇಳ್ಲಿ? ಬಾಯಿಗೆ ಬಂದಿದ್ದು ಹೇಳ್ದೆ. 'ದುಡ್ಡು ಇಟ್ಕೊಳ್ಳಕ್ಕೆ. ಬಸ್ಸಲ್ಲಿ ಓಡಾಡೋರು ಪಾಪ, ಪರ್ಸ್ ಹೊಡೀತಾರಲ್ಲ.'

ಅಯ್ಯೋ, ಅವರ ಮುಖ ನೋಡ್ಬೇಕಿತ್ತು! ಸ್ಟೋರ್‌ನಲ್ಲಿ ಕಳೆದೋಗಿದ್ದ ಬೋಲ್ಟು ಸಿಕ್ಕಿದಂಗೆ ಅರಳ್ತು. ಇವರಿಗೇನೋ ಹೊಳೀತಿದೆ ಅಂತ ನಂಗೆ ಅವಾಗ್ಲೇ ಅನುಮಾನ ಬರ್ಬೇಕಿತ್ತು. ಕುಕ್ಕರ್ ಕೂಗ್ತು, ಎದ್ದು ಅಡುಗೆಮನೆಗೆ ಹೋದೆ. ವಾಪಸ್ ಬಂದಾಗ ಸೀರೆ ಮಡಿಕೆ ಸ್ವಲ್ಪ ಕೆಟ್ಟಿತ್ತು. ಫ್ಯಾನ್ ಗಾಳಿಗೆ ಅಂದ್ಕೊಂಡು ಸರಿ ಮಾಡಿಟ್ಟೆ.

ನಿಶ್ಚಿತಾರ್ಥ ಗುಬ್ಬೀಲಿ ಚೆನ್ನಾಗೇ ಆಯ್ತು. ನಾನೂ ಹೋಗಿದ್ದೆ. ಗಂಗಕ್ಕ ಆ ಸೀರೇಲಿ ನೆಟ್ಟಗೆ ನಿಂತ್ಕೊಂಡು ಬೀಗಿತ್ತಿ ಕೈ ಹಿಡ್ಕೊಂಡು ಒಳಗೆ ಕರೀತಿದ್ರೆ ನಂಗೆ ನನ್ನ ಕೈಕೆಲಸದ ಮೇಲೆ ಒಳಗೊಳಗೇ ಜಂಬ ಬಂತು. ಹುಡುಗ ಕಾವ್ಯಂಗೆ ಉಂಗುರ ತೊಡ್ಸಿದ. ಎಲ್ರೂ ಫೋಟೋ ಹೊಡ್ಕೊಂಡು ಅಲ್ಲೇ ಸ್ಟೇಟಸ್ ಹಾಕ್ಕೊಂಡ್ರು.

ಅದಾಗಿ ಸ್ವಲ್ಪ ದಿನಕ್ಕೆ ಗಂಗಕ್ಕ ಫೋನ್ ಮಾಡಿದ್ಳು. 'ಪ್ರೇಮಾ, ನನ್ನ ಬ್ಲೌಸು ಫೋನಲ್ಲಿ ಬರ್ತಿದೆಯಂತೆ' ಅಂದ್ಳು. ಬೈಲಿಲ್ಲ, ಅಳ್ಲಿಲ್ಲ, ಇಷ್ಟು ಹೇಳಿ ಕಟ್ ಮಾಡಿದ್ಳು.

'ರೀ, ಗಂಗಕ್ಕನ ಬ್ಲೌಸ್ ಏನಾದ್ರೂ ಹಾಕಿದ್ರಾ?'

'ಅದೇ ಕಣೇ ವೈರಲ್ ಆಗಿರೋದು!' ಅಂತ ಓಡಿ ಬಂದ್ರು. 'ನಿಂಗೆ ಸರ್‌ಪ್ರೈಸ್ ಕೊಡೋಣ ಅಂತಿದ್ದೆ. ನೋಡು, ನೋಡಿದೋರು ಲಕ್ಷ ದಾಟಿದಾರೆ!'

ನೋಡ್ದೆ. ದುಂಡನೆ ಲೈಟಿನ ಬೆಳಕಲ್ಲಿ ಸೀರೆ ಹರಡಿದಾರೆ, ಅಷ್ಟೂ ನಂದಿ ಕಾಣ್ತಿವೆ. ಅದ್ರ ಮೇಲೆ ಬ್ಲೌಸು ಒಳಗು ಹೊರಗು ಮಾಡಿ ಮಲಗ್ಸಿದಾರೆ. ಇವರ ಕೈ ಬರುತ್ತೆ, ಜೇಬೊಳಗೆ ನೋಟು ತುರುಕುತ್ತೆ, ತೆಗೆಯುತ್ತೆ, ಮತ್ತೆ ತುರುಕುತ್ತೆ. ಹಿಂದ್ಗಡೆಯಿಂದ ಇವರ ದನಿ: 'ಸೀಕ್ರೆಟ್ ಪಾಕೆಟ್! ಕಳ್ಳರಿಗೆ ಟಾಟಾ ಬೈಬೈ!'

ಕೆಳಗೆ ತಿಪಟೂರಿನ ಒಬ್ಬ ಹೆಣ್ಣುಮಗಳು ಬರ್ದಿದ್ಳು. 'ಅಣ್ಣ, ಇದು ದುಡ್ಡಿಡೋದಕ್ಕಲ್ಲ. ಎದೆ ಆಪರೇಷನ್ ಆದೋರಿಗೆ ಹಿಂಗೆ ಹೊಲೀತಾರೆ. ನಮ್ಮಮ್ಮನಿಗೂ ಬೇಕು, ನಿಮ್ಮ ಅಂಗಡಿ ಎಲ್ಲಿ?' ಅದ್ರ ಕೆಳಗೆ ಹೌದು ಹೌದು ಅನ್ನೋರು, ಪಾಪ ಅನ್ನೋರು, ನಂಬರ್ ಕೇಳೋರು. ಸಾಲು ಮುಗಿಯೋದೇ ಇಲ್ಲ. ಅವರ ಮಧ್ಯ ಕುಣಿಗಲ್ ಹುಡುಗನ ಸೋದರತ್ತೆ ಆಶಾರಾಣಿ. ನಿಶ್ಚಿತಾರ್ಥದಲ್ಲಿ ನನ್ನ ಪಕ್ಕದಲ್ಲೇ ಕೂತು ಹೋಳಿಗೆ ತಿಂದಿದ್ಳು. 'ಈ ನಂದಿ ಸೀರೆ ಮೊನ್ನೆ ಗುಬ್ಬೀಲಿ ನೋಡ್ದಂಗಿದೆಯಲ್ಲ' ಅಂತ ಬರ್ದಿದ್ಳು.

ಅದಕ್ಕೆ ಇವರ ಉತ್ತರ ಏನು ಗೊತ್ತಾ? ಕೈಮುಗಿಯೋ ಗೊಂಬೆ ಹಾಕಿ, 'ಹೌದು ಮೇಡಂ, ನಮ್ಮ ಗುಬ್ಬಿ ಕಸ್ಟಮರ್ ಅವರದ್ದೇ! ನೀವೂ ಒಮ್ಮೆ ಭೇಟಿ ಕೊಡಿ!'

'ಇದಕ್ಯಾಕ್ರೀ ಉತ್ತರ ಬರೆದ್ರಿ?' ಅಂದೆ.

'ಯಾರೇ ಬರೆದ್ರೂ ರಿಪ್ಲೈ ಮಾಡ್ಬೇಕು ಅಂತ ಸರ್ ಹೇಳಿದಾರೆ.'

'ನಿಮ್ಮ ಸರ್ ಮನೆ ಹಾಳಾಗ! ತಿಪಟೂರಿನ ಆ ಹುಡುಗಿ ಬರ್ದಿದ್ದು ಓದ್ಲಿಲ್ವೇನ್ರೀ?'

'ಓದ್ದೆ. ಯಾರೋ ಏನೋ ತಪ್ಪು ತಿಳ್ಕೊಂಡವ್ರೆ ಅಂದ್ಕೊಂಡೆ. ದುಡ್ಡಿಗೆ ಅಂತ ನೀನೇ ಹೇಳಿದ್ಯಲ್ಲ.'

ಎಲ್ಲ ಹೇಳ್ದೆ. ಹೇಳ್ತಾ ಹೇಳ್ತಾ ಕಿರುಚಿದೆ, ಹಣೆ ಹಣೆ ಚಚ್ಕೊಂಡೆ. ಅವರು ಅಲ್ಲೇ ಕಟಿಂಗ್ ಟೇಬಲ್ ಹತ್ರ ಸ್ಟೂಲ್ ಮೇಲೆ ಕೂತ್ಬಿಟ್ರು. ಆಮೇಲೆ ಫೋನ್ ತಗೊಂಡು ಪೇಜಿಂದ ಆ ವಿಡಿಯೋ ತೆಗೆದ್ರು. ತೆಗೆದು ಏನು ಬಂತು, ಅಷ್ಟರಲ್ಲಿ ಯಾರ್ಯಾರೋ ಯಾರ್ಯಾರಿಗೋ ಕಳ್ಸಾಗಿತ್ತು. 'ನಂಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತೇನೇ ಪ್ರೇಮಾ' ಅಂದ್ರು. ಉರಿಯೋ ಹೊಟ್ಟೆಗೆ ಇನ್ನಷ್ಟು ಸೀಮೆಎಣ್ಣೆ.

ಗುಬ್ಬಿಗೆ ಹೋದೆ. ಗಂಗಕ್ಕ ಮನೇಲಿಲ್ಲ ಅಂದ್ಳು ಕೆಲಸದೋಳು. ಬಾಗ್ಲಲ್ಲೇ ಅವಳ ಚಪ್ಪಲಿ ಬಿದ್ದಿತ್ತು. ಸ್ವಲ್ಪ ಹೊತ್ತು ನಿಂತಿದ್ದು ಬಸ್ ಹತ್ಕೊಂಡು ಬಂದೆ.

ಇತ್ತ ಫೋನ್ ನಿಲ್ಲೋದೇ ಇಲ್ಲ. ವಿಡಿಯೋ ಹೋದ್ರೂ, ಕೇಳಿದೋರಿಗೆಲ್ಲ ಇವರು ಕೊಟ್ಟಿದ್ದ ತಮ್ಮ ನಂಬರ್ ಎಲ್ರ ಹತ್ರ ಇದೆಯಲ್ಲ. ಮಾರ್ಕೋನಹಳ್ಳಿ ಹತ್ರದ ಒಬ್ಳು, ಶಿರಾದ ಒಬ್ಳು, ಎಲ್ರದ್ದೂ ಒಂದೇ ಪಿಸುಮಾತು. 'ಅಕ್ಕ, ನಂಗೂ ಒಂದು ಹಂಗೇ... ಯಾರಿಗೂ ಗೊತ್ತಾಗ್ಬಾರ್ದು.' ಇವರು ಫೋನ್ ತಂದು ನನ್ನ ಕೈಗಿಟ್ಟು ಆಚೆ ಹೋಗ್ತಿದ್ರು. ನಾನು ಎಲ್ರಿಗೂ ಮಧ್ಯಾಹ್ನ ಬನ್ನಿ, ಹಿಂದಿನ ಬಾಗ್ಲಿಂದ ಬನ್ನಿ ಅಂತಿದ್ದೆ. ಬಂದವರ ಅಳತೆ ತಗೋವಾಗೆಲ್ಲ ಗಂಗಕ್ಕನ ಮುಖಾನೇ ಕಣ್ಮುಂದೆ ಬರ್ತಿತ್ತು. ಇಂಥ ಪ್ರಚಾರ ನಂಗೆ ಯಾವ ಜನ್ಮಕ್ಕೂ ಬೇಡಪ್ಪ ಅನ್ಕೋತಿದ್ದೆ, ಆದ್ರೆ ಬಂದೋರನ್ನ ವಾಪಸ್ ಕಳ್ಸಕ್ಕೂ ಮನಸ್ಸು ಬರ್ಲಿಲ್ಲ.

ಹಬ್ಬ ಹತ್ರ ಬಂದಿತ್ತು. ಬೆಳಿಗ್ಗೆ ಅಂಗಡಿ ತುಂಬ ಹೆಂಗಸರು. ಒಬ್ಳು ಕೊಕ್ಕೆ ಸರಿಯಿಲ್ಲ ಅಂತ, ಇನ್ನೊಬ್ಳು ತೋಳು ಬಿಗಿ ಅಂತ, ನನ್ನ ತಲೆ ಚಿಟ್ಟು ಹಿಡಿದಿತ್ತು. ಆಗ ಮುಂದಿನ ಬಾಗ್ಲಿಂದ ಗಂಗಕ್ಕ ಬಂದ್ಳು. ಚಪ್ಪಲಿ ಎಲ್ರ ಚಪ್ಪಲಿ ಪಕ್ಕ ಬಿಟ್ಟು, ಕವರಿಂದ ಬ್ಲೌಸ್ ಪೀಸು ತೆಗೆದು ಟೇಬಲ್ ಮೇಲೆ ಹಾಕಿದ್ಳು.

'ಅಳತೆ ತಗೋ.'

'ಅಕ್ಕ, ಒಳಗ್ಬಾ... ಹಿಂದ್ಗಡೆ...'

'ಯಾಕೆ? ಇನ್ಯಾರಿಗೆ ಗೊತ್ತಾಗ್ಬೇಕು?'

ಕೊಕ್ಕೆಯೋಳು ಕೊಕ್ಕೆ ಮರೆತ್ಳು.

'ಹುಡುಗ ಈಗ್ಲೇ ಮದ್ವೆ ಬೇಡ ಅಂತವ್ನಂತೆ. ಕುಣಿಗಲ್ನೋರು ಹೇಳಿ ಕಳ್ಸಿದ್ರು. ಉಂಗುರ ವಾಪಸ್ ಕೊಟ್ವಿ' ಅಂದ್ಳು ಗಂಗಕ್ಕ, ಯಾರದ್ದೋ ಮನೆ ಸುದ್ದಿ ಹೇಳಿದಂಗೆ.

'ಕಾವ್ಯ ಹೆಂಗಿದಾಳೆ?'

'ಅತ್ಳು. ಊಟ ಬಿಟ್ಟು ಮಲಗಿದ್ಳು. ಆಮೇಲೆ ಎದ್ದು ಬಂದು ನನ್ನೇ ಕೇಳಿದ್ಳು, ಹಿಂದಿನ ಬಾಗ್ಲಿಗೆ ಯಾಕಮ್ಮ ಹೋಗ್ತಿದ್ದೆ, ಏನ್ ಕದ್ದಿದ್ದೆ ಅಂತ.'

ಕೈಲಿದ್ದ ಕತ್ರಿ ಟೇಬಲ್ ಮೇಲಿಟ್ಟೆ. 'ಕ್ಷಮಿಸ್ಬಿಡು ಗಂಗಕ್ಕ, ನಿನ್ನ ಕಾಲು ಹಿಡ್ಕೋತೀನಿ' ಅಂದೆ.

'ಕ್ಷಮಿಸಿಲ್ಲ ಕಣೇ ನಿನ್ನ. ಬೇರೆ ಕಡೆ ಹೊಲಿಸಿ ನೋಡ್ದೆ, ಒಂದೂ ಮೈಗೆ ಕೂರ್ಲಿಲ್ಲ. ಅದಕ್ಕೆ ಬಂದೆ. ಕ್ಷಮಿಸಿದೀನಿ ಅಂತ ಮಾತ್ರ ತಿಳ್ಕೋಬೇಡ.'

ನಮ್ಮೆಜಮಾನ್ರು ನಡುಬಾಗ್ಲಲ್ಲಿ ನಿಂತಿದ್ರು. ಯಾರದ್ದೋ ಕಾಲ್ ಬಂದಿತ್ತೇನೋ, ಫೋನ್ ಕೈಯಲ್ಲೇ ಇತ್ತು. ಅವರ ಕಣ್ಣು ನೆಲದ ಮೇಲೇ ಇತ್ತು.

ಅಷ್ಟರಲ್ಲಿ ಗೇಟ್ ಹತ್ರ ಇನ್ನೊಬ್ಳು ಬಂದ್ಳು. ಗೂಳೂರಿನೋಳು, ಹಿಂದಿನ ದಿನ ಫೋನ್ ಮಾಡಿದ್ಳು. ಮಧ್ಯಾಹ್ನ ಬಾ ಅಂದಿದ್ರೆ ಬೆಳಿಗ್ಗೆನೇ ಬಂದಿದ್ಳು. ಸೆರಗನ್ನ ಒಂದು ಕಡೆ ಎಳ್ಕೊಂಡು, ಕೈಚೀಲ ಎದೆಗೆ ಅವಚ್ಕೊಂಡು, ಒಳಗಿರೋ ಜನ ನೋಡಿ ಅಲ್ಲೇ ನಿಂತ್ಳು. 'ಅಕ್ಕ, ಹಿಂದಿನ ಬಾಗ್ಲು ಎಲ್ಲಿ ಬರುತ್ತೆ?' ಅಂದ್ಳು ಮೆಲ್ಲಗೆ.

ಎಲ್ರೂ ತಿರುಗಿದ್ರು. ಗಂಗಕ್ಕನೂ ತಿರುಗಿ, ಆ ಸೆರಗು ನೋಡಿದ್ಳು, ಚೀಲ ಹಿಡ್ಕೊಂಡಿರೋದು ನೋಡಿದ್ಳು. ಹೋಗಿ ಅವಳ ಮೊಣಕೈ ಹಿಡ್ಕೊಂಡ್ಳು.

'ಇಲ್ಲೇ ಬಾರಮ್ಮ. ಹಿಂದ್ಗಡೆ ಪಾಚಿ ಕಟ್ಟಿದೆ, ಜಾರಿ ಬೀಳ್ತೀಯ. ಇವಳ ಕೈಕೆಲಸ ಚೆನ್ನಾಗಿದೆ, ಹೆದರ್ಕೋಬೇಡ. ಇವಳ ಗಂಡನ ಫೋನ್ ಒಂದು ಆಚೆ ಇಡಿಸ್ಕೋ.'

ನಮ್ಮೆಜಮಾನ್ರು ಹಿತ್ತಲಿಗೆ ಹೋಗಿ ಒಗೆಯೋ ಕಲ್ಲಿನ ಮೇಲೆ ಫೋನ್ ಇಟ್ರು. ವಾಪಸ್ ಒಳಗೆ ಬರ್ಲಿಲ್ಲ, ಅಲ್ಲೇ ನಿಂತ್ರು.

ನಾನು ಕಣ್ಣೊರೆಸ್ಕೊಂಡು ಟೇಪ್ ತಗೊಂಡೆ. 'ಕೈ ಎತ್ತು ಗಂಗಕ್ಕ' ಅಂದೆ.

'ಮೊದ್ಲು ಇವಳದ್ದು ತಗೋ' ಅಂತ ಅವಳು ಸ್ಟೂಲ್ ಎಳ್ಕೊಂಡು ಕೂತ್ಳು. 'ನಂಗೀಗ ಯಾವ ಮದ್ವೆನೂ ಇಲ್ವಲ್ಲ, ಏನ್ ಅರ್ಜೆಂಟು.'